ಶರಾವತಿಯ ತೇಗು

ಶರಾವತಿಯ ಮೂತಿಗೆ ಕೊಳವೆ ಸಿಕ್ಕಿಸಿ, ಕೊರಳಿಗೆ ಡಬ್ಬ ಕಟ್ಟಿದ್ದೇ ಪ್ರಜ್ವಲ್‌ನ ತಾಪತ್ರಯಕ್ಕೆ ಮೂಲ. ಶರಾವತಿ ಅಂದರೆ ಹೊಳೆಯಲ್ಲ, ಹುಂಚದ ಹತ್ತಿರದ ಮುಕುಂದಯ್ಯನವರ ಮಲೆನಾಡು ಗಿಡ್ಡ ಹಸು. ದನದ ತೇಗಿನಲ್ಲಿ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಎಷ್ಟು ಹೋಗುತ್ತದೆ, ಅದು ಮೇಯುವ ನೆಲದಲ್ಲಿ ಎಷ್ಟು ಇಂಗಾಲ ಉಳಿಯುತ್ತದೆ ಎಂಬುದು ಪ್ರಜ್ವಲ್‌ನ ಸಂಶೋಧನೆ. ಹೋದ ವಾರ ಒಂದು ಹಸು ಕೊಳವೆಯನ್ನೇ ಅಗಿದಿತ್ತು, ಇನ್ನೊಂದು ಡಬ್ಬದ ಸಮೇತ ಕಾಡು ಸೇರಿತ್ತು. "ಇವತ್ತೂ ಅಂಕಿ ಬರ್ಲಿಲ್ಲ ಅಂದ್ರೆ ಬೇರೆಯವರನ್ನ ಕಳಿಸ್ತೀನಿ" ಎಂದಿದ್ದರು ಪ್ರಾಧ್ಯಾಪಕಿ ಭವ್ಯಾ ಮೇಡಂ.

ಪಕ್ಕದ ಮನೆಯ ಹೂವಮ್ಮ ಓಡಿ ಬಂದರು. "ಎಂತ ಮಾರಾಯ ಇದು! ಬಾಯಿಲ್ಲದ ಪ್ರಾಣಿ ಉಸಿರು ಹ್ಯಾಂಗೆ ಬಿಡೂದು?"

"ಏನೂ ಆಗಲ್ಲಮ್ಮ, ತೇಗು ಹಿಡಿಯೋಕೆ ಅಷ್ಟೆ."

"ನೀವು ಮಣ್ಣು ತೆಗಿಯಕ್ಕೆ ಹೋಗಿ, ಇಲ್ಲಿದ್ದು ನಾ ನೋಡ್ಕಂತೀನಿ" ಎಂದು ಮುಕುಂದಯ್ಯ ಅವನನ್ನು ಸಾಗಹಾಕಿದರು.

ದನ ಮೇಯುವ ಬಯಲಿಗೆ ಪ್ರಜ್ವಲ್ ಹೋಗುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಅಲ್ಲಿ ಎತ್ತು ಮೇಯಿಸುತ್ತಿದ್ದ ಭೂತಪ್ಪ ಅಡ್ಡ ನಿಂತ. "ತೇಗಿಗೆ ಟ್ಯಾಕ್ಸ್ ಹಾಕ್ತಾರಂತೆ, ಹೌದನ? ನೋಡಿ, ನಮ್ಮ ಎತ್ತು ತೇಗೋದೇ ಇಲ್ಲ!"

ಅವನ ಬೆನ್ನ ಹಿಂದಿದ್ದ ಎತ್ತು ಬಸ್ಸಿನ ಬ್ರೇಕ್ ಬಿಟ್ಟ ಹಾಗೆ ತೇಗಿತು.

ಪ್ರಜ್ವಲ್ ತೋಡಿದ ಗುಂಡಿಗಳನ್ನೆಲ್ಲ ಭೂತಪ್ಪ ಮುಚ್ಚುತ್ತ ಬಂದ. ಮುಚ್ಚಿದ್ದನ್ನೇ ಮತ್ತೆ ತೋಡಿ, ಮುಳ್ಳಿಗೆ ಪ್ಯಾಂಟು ಹರಿಸಿಕೊಂಡು ಪ್ರಜ್ವಲ್ ಮರಳುವಾಗ ಸಂಜೆಯಾಗಿತ್ತು. ಡಬ್ಬ ಮಾತ್ರ ಜಗಲಿಯ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು. ಮೀಟರಿಗೆ ಜೋಡಿಸಿ ನೋಡಿದರೆ ಮೀಥೇನ್ ಇದೆಯೋ ಇಲ್ಲವೋ ಎನ್ನುವಷ್ಟು! ಮೂರು ಸಲ ನೋಡಿ, ಮೇಡಂಗೆ ಫೋನ್ ಮಾಡಿ ಅಂಕಿ ಹೇಳಿದ.

"ಪ್ರಜ್ವಲ್! ಇಂಥ ಹಸು ನಾನು ಕಂಡೇ ಇಲ್ಲ. ಮೀಟಿಂಗಲ್ಲಿದ್ದೀನಿ, ಎಲ್ಲರೂ ಕೇಳ್ಲಿ ಅಂತ ಸ್ಪೀಕರ್ ಹಾಕಿದೀನಿ. ಅದು ತಿಂದಿದ್ದೇನು? ಬೇಗ ಹೇಳು!"

ಪ್ರಜ್ವಲ್ ಫೋನನ್ನು ಮುಕುಂದಯ್ಯನವರ ಮುಂದೆ ಹಿಡಿದ. ಅವರು ಗಂಟಲು ಸರಿಮಾಡಿಕೊಂಡರು.

"ಬೆಳಿಗ್ಗೆ ಎಂಟು ಕಡುಬು, ಮಧ್ಯಾಹ್ನ ಹಲಸಿನಕಾಯಿ ಪಲ್ಯ, ಆಮೇಲೆ ಎರಡು ಸೋಡಾ, ಮೇಡಂ."

"ಹಸು... ಸೋಡಾ ಕುಡೀತಾ?"

"ಹಸು ಯಾಕೆ ಕುಡೀತದೆ? ಹೂವಮ್ಮ ಬಿಡ್ಲಿಲ್ಲ, ಪಾಪ ಅನ್ನಿಸ್ತು, ಆಗ್ಲೇ ಡಬ್ಬ ಬಿಚ್ಚಿ ನಾನೇ ಕಟ್ಕಂಡೆ. ಹುಡುಗನ ಕೆಲಸ ಕೆಡಬಾರದು ಅಂತ ಇಡೀ ದಿನ ತೇಗಿ ತೇಗಿ ಸುಸ್ತಾತು!"

ಆ ಕಡೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಮೇಡಂ ದನಿ ಬಹಳ ತಣ್ಣಗೆ ಬಂತು. "ಪ್ರಜ್ವಲ್, ನಾಳೆ ಮೊದಲ್ನೇ ಬಸ್ಸಿಗೆ ಹೊರಟು ಬಾ."

ಫೋನ್ ಕಟ್ಟಾಯಿತು. ಮುಕುಂದಯ್ಯನವರ ಮುಖ ಅರಳಿತು.

"ಕರೆದೇ ಬಿಟ್ರಲ್ಲ! ನಾನೂ ಬರ್ಲನ? ಬೇಕಂದ್ರೆ ದಾರೀಲಿ ಇನ್ನೊಂದು ಡಬ್ಬ ತುಂಬ್ಸಿ ಕೊಡ್ತೀನಿ."