ಮೂವತ್ತು ಹೆಜ್ಜೆಯ ನಮಸ್ಕಾರ

ಬಹಳ ಹಿಂದೆ, ಅಂದರೆ ಟಾರು ರಸ್ತೆ ಬಂದ ಮೇಲೆ ಮತ್ತು ಬುದ್ಧಿ ಬರುವುದಕ್ಕೆ ಮುಂಚೆ, ಒಂದು ರಾಜ್ಯವಿತ್ತು. ಅದನ್ನಾಳುತ್ತಿದ್ದ ಶ್ರೀಮನ್ಮಹಾರಾಜ ವೇಗವರ್ಮರಿಗೆ ಹೊಸ ಕಾರು ಬಂದಿತ್ತು. ಆನೆಯ ಮೇಲೆ ಅರ್ಧ ದಿನ ಹಿಡಿಯುತ್ತಿದ್ದ ದಾರಿಯನ್ನು ಅವರೀಗ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಗಿಸುತ್ತಿದ್ದರು. ಅಲ್ಲಿ ಕೆಲಸವೇನೂ ಇರದಿದ್ದರಿಂದ ಅಷ್ಟೇ ವೇಗವಾಗಿ ವಾಪಸಾಗುತ್ತಿದ್ದರು.

ಕಾರು ಬಂದರೂ ಆನೆಯ ಕಾಲದ ಕಾನೂನು ಹಾಗೇ ಇತ್ತು. ಪ್ರಭುಗಳು ಮೂವತ್ತು ಹೆಜ್ಜೆ ದೂರಕ್ಕೆ ಬಂದಾಗ ಪ್ರಜೆ ಸೊಂಟ ಬಗ್ಗಿಸಿ ನಮಸ್ಕರಿಸಬೇಕು, ಆಮೇಲೆ ಪಕ್ಕಕ್ಕೆ ಸರಿಯಬೇಕು. ಆನೆಯಾದರೆ, ಅದು ಬರುವಷ್ಟರಲ್ಲಿ ನಮಸ್ಕರಿಸಿ, ಎಲೆ ಅಡಿಕೆ ಹಾಕಿಕೊಂಡೂ ಸರಿಯಬಹುದಿತ್ತು.

ಪ್ರಜೆಗಳು ಹೆದ್ದಾರಿಯ ಮೇಲೆ ಹುರುಳಿ ಹರಡುತ್ತಿದ್ದರು, ಗಾಡಿಗಳು ಹಾದು ಕಾಳು ಬಿಡಿಸಲಿ ಎಂದು. ಕಾಳಿದ್ದಲ್ಲಿ ಹಕ್ಕಿ. ಒಂದು ಬೆಳಿಗ್ಗೆ ಗೊರವಂಕವೊಂದು ರಾಜರ ಕಾರಿನ ಗಾಜಿಗೆ ಬಡಿದು ಸತ್ತಿತು. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿತ್ತು. ಮೂರು ದಿನ ಶೋಕಾಚರಣೆ ಘೋಷಣೆಯಾಯಿತು, ಗಾಜಿಗೆ.

"ರೆಕ್ಕೆಯಿದ್ದೂ ಹಾರದಿರುವುದು ರಾಜದ್ರೋಹ, ಮಹಾಪ್ರಭು," ಎಂದರು ಮಹಾಮಂತ್ರಿ ತಥಾಸ್ತುಶರ್ಮ. ಕೂಡಲೇ ಅವರ ನೇತೃತ್ವದಲ್ಲಿ ಉನ್ನತ ಮಟ್ಟದ ಸಮಿತಿ ಸ್ಥಳ ಪರಿಶೀಲನೆಗೆ ಹೊರಟಿತು.

ರಸ್ತೆಯಲ್ಲಿ ಚಿಕ್ಕತಾಯಮ್ಮ ಎಂಬ ಮುದುಕಿ ಹುರುಳಿ ತಿರುವುತ್ತಿದ್ದಳು.

"ಹಕ್ಕಿ ಎಷ್ಟು ದೂರ ಅಂತ ನೋಡ್ತದೆ ಬುದ್ಧಿ, ಎಷ್ಟು ಜೋರು ಅಂತ ನೋಡಾಕಿಲ್ಲ," ಎಂದಳು. "ಎತ್ತಿನ ಗಾಡಿ ಬಂದ್ರೂ ಮೂವತ್ತು ಹೆಜ್ಜೆಗೇ ಏಳ್ತದೆ, ದೊರೆಗಳ ಕಾರು ಬಂದ್ರೂ ಮೂವತ್ತು ಹೆಜ್ಜೆಗೇ ಏಳ್ತದೆ. ಗಾಡಿ ಆದ್ರೆ ಬದುಕ್ಕೊತದೆ. ಇಲ್ಲಿ ಒಸಿ ನಿಧಾನಕ್ಕೆ ಹೋದ್ರೆ ಆಯ್ತು, ಇನ್ನೇನು?"

ಸಮಿತಿ ಬೆಚ್ಚಿಬಿತ್ತು. ವರದಿ ನಾನೂರು ಪುಟವಾಗಬೇಕಿತ್ತು, ಮುದುಕಿ ಒಂದೇ ಮಾತಿನಲ್ಲಿ ಮುಗಿಸಿದ್ದಳು.

"ಪ್ರಭುಗಳು ನಿಧಾನವೇ!" ತಥಾಸ್ತುಶರ್ಮರು ಕಿವಿ ಮುಚ್ಚಿಕೊಂಡರು. "ಪ್ರಭುಗಳ ವೇಗವೇ ನಮ್ಮ ಅಭಿವೃದ್ಧಿ ಸೂಚ್ಯಂಕ. ಅದು ಇಳಿದರೆ ರಾಜ್ಯವೇ ಹಿಂದುಳಿದಂತೆ."

ಆದ್ದರಿಂದ 'ವಿಹಗ ಸಂರಕ್ಷಣಾ ಅಭಿಯಾನ' ಜಾರಿಗೆ ಬಂತು. ಹುರುಳಿ ಹರಡಿದವರೇ ನಡುರಸ್ತೆಯಲ್ಲಿ ನಿಂತು ಹಕ್ಕಿ ಓಡಿಸತಕ್ಕದ್ದು, ತಪ್ಪಿದರೆ ಕಾಳು ಜಪ್ತಿ. ಚಿಕ್ಕತಾಯಮ್ಮನ ಮನೆಯಲ್ಲಿ ವರ್ಷಪೂರ್ತಿ ಸಾರು ಮಾಡಲು ಇದ್ದದ್ದು ಅದೊಂದೇ ಹುರುಳಿ. ಹೋಗಿ ನಿಂತಳು, ಹುಶ್ ಎಂದಳು, ಹಕ್ಕಿಗಳೆಲ್ಲ ಹಾರಿಹೋದವು.

ಹಕ್ಕಿಯಿಲ್ಲದ ರಸ್ತೆ ಕಂಡ ಮಹಾರಾಜರು ಸಂತೋಷಗೊಂಡು ವೇಗವನ್ನು ಇಮ್ಮಡಿ ಮಾಡಿದರು. ಕಾರು ಮೂವತ್ತು ಹೆಜ್ಜೆಗೆ ಬಂದಾಗ ಚಿಕ್ಕತಾಯಮ್ಮ ಕಾನೂನಿನ ಪ್ರಕಾರ ಸೊಂಟ ಬಗ್ಗಿಸಿದಳು. ಸರಿಯುವುದಕ್ಕೆ ಪುರುಸೊತ್ತಾಗಲಿಲ್ಲ.

ಜೀವ ಉಳಿಯಿತು, ಕಾಲು ಎರಡು ಕಡೆ ಮುರಿಯಿತು. ಒಂದು ಹಕ್ಕಿಯೂ ಸಾಯದ ಆ ಶುಭದಿನದ ನೆನಪಿಗೆ ಮಹಾರಾಜರಿಗೆ 'ಪಕ್ಷಿಕುಲ ಚಕ್ರವರ್ತಿ' ಎಂಬ ಬಿರುದು ಕೊಡಲಾಯಿತು. ಸಮಾರಂಭ ಮುಗಿಸಿಕೊಂಡು ಮಹಾಮಂತ್ರಿಗಳು ಎರಡು ಮೂಸಂಬಿ ಹಿಡಿದು ಆಸ್ಪತ್ರೆಗೆ ಬಂದರು.

"ಏನಮ್ಮಾ, ಕಾರು ಕಾಣಿಸಲಿಲ್ಲವೆ?"

"ಕಾಣಿಸ್ತು ಬುದ್ಧಿ. ನೀವು ಹೇಳ್ದಂಗೆ ಮೂವತ್ತು ಹೆಜ್ಜೆಗೇ ಬಗ್ಗಿದೆ. ಪಾಪ, ಆ ಗೊರವಂಕನೂ ಅಂಗೇ ಮಾಡಿದ್ದು."

ಈ ಮಾತು ಕೇಳಿ ಮಹಾಮಂತ್ರಿಗಳಿಗೆ ಹೊಸ ಯೋಜನೆ ಹೊಳೆಯಿತು. ಮರುದಿನವೇ ಆಜ್ಞೆ ಹೊರಟಿತು: ನಮಸ್ಕಾರದ ದೂರ ಮೂವತ್ತು ಹೆಜ್ಜೆಯೇ, ಅದನ್ನು ಬೇಗ ಮುಗಿಸಲು ಸಕಲ ಪ್ರಜೆಗಳಿಗೂ ಮೂರು ದಿನಗಳ ತರಬೇತಿ ಕಡ್ಡಾಯ. ಕಾಲು ಮುರಿದವರು ಕೂತು ನಮಸ್ಕರಿಸಬಹುದು, ರಸ್ತೆಯಲ್ಲೇ.