ಯಾರಿಗೂ ಬೇಡದ ಹನ್ನೊಂದನೇ ಟ್ರಿಪ್

ರಜೆ ಸಿಕ್ಕಿದ್ದು ಅವನಿಗಲ್ಲ, ಅವನ ಮೇಜಿಗೆ. ನಾಲ್ಕು ವರ್ಷ ಪ್ರವಾಸಿಗರು ಮೊಣಕೈ ಊರಿ ಊರಿ ಆ ಮೇಜು ಎಮ್ಮೆ ಉಜ್ಜಿಕೊಂಡ ಕಂಬದ ಹಾಗೆ ಸವೆದುಹೋಗಿತ್ತು. ವಾರ್ನಿಷ್ ಬಳಿಯಬೇಕು, ಒಣಗುವುದಕ್ಕೆ ಒಂದು ಹಗಲು ಬಿಡಬೇಕು ಎಂದು ಹಡಗಿನ ಬಡಗಿ ಹೇಳಿದ. ಹಸಿ ಮೇಜಿನ ಹಿಂದೆ ಗುಮಾಸ್ತನನ್ನು ಕೂರಿಸಿ ಏನು ಪ್ರಯೋಜನ ಎಂದು ಮ್ಯಾನೇಜರಮ್ಮ ಯೋಚಿಸಿದರು. "ನಾಳೆ ನೀವೂ ಇಳಿದು ದ್ವೀಪ ನೋಡ್ಕೊಂಡು ಬನ್ನಿ. ಯಾವ ಟ್ರಿಪ್ ಬೇಕೋ ಆರಿಸ್ಕೊಳ್ಳಿ" ಎಂದರು. ಅಲ್ಲಿಂದ ಶುರುವಾಯಿತು.

ಅದೊಂದು ಸಮುದ್ರ ವಿಹಾರದ ಹಡಗು. ವಾರಕ್ಕೊಮ್ಮೆ ಬೆಳಿಗ್ಗೆ ಎಂಟಕ್ಕೆ ಆ ದ್ವೀಪದ ಕಟ್ಟೆಗೆ ಬಂದು ನಿಂತರೆ ಸಂಜೆ ಐದಕ್ಕೆ ಹೊರಡುತ್ತಿತ್ತು. ಅಷ್ಟರೊಳಗೆ ಇಳಿದು ಏನೇನು ನೋಡಬಹುದು ಎಂದು ಪ್ರಯಾಣಿಕರಿಗೆ ವರ್ಣಿಸಿ ಟಿಕೆಟ್ ಕೊಡುವುದು ಗುಮಾಸ್ತನ ಕೆಲಸ. ಒಟ್ಟು ಹನ್ನೊಂದು ಟ್ರಿಪ್‌ಗಳು. ಮೊದಲನೆಯದು ಜಲಪಾತ. "ಬೆಟ್ಟದ ತುದಿಯಿಂದ ಹಾಲು ಚೆಲ್ಲಿದ ಹಾಗೆ ಬೀಳುತ್ತೆ ಸಾರ್! ಆ ತುಂತುರು ಮುಖಕ್ಕೆ ತಾಗಿದ್ರೆ ಹತ್ತು ವರ್ಷ ವಯಸ್ಸು ಇಳಿಯುತ್ತೆ" ಎಂದು ದಿನಕ್ಕೆ ನೂರು ಸಲ ಹೇಳಿ ಹೇಳಿ, ಕೆಲಸದವರ ನಡುವೆ ಅವನ ಹೆಸರೇ ಜಲಪಾತಣ್ಣ ಎಂದಾಗಿತ್ತು. ನಿಜ ಹೇಳಬೇಕೆಂದರೆ ಜಲಪಾತಣ್ಣ ಆ ಜಲಪಾತದ ಒಂದು ಹನಿಯನ್ನೂ ಕಂಡವನಲ್ಲ. ಜನ ಇಳಿದು ಹೋದ ಮೇಲೂ ಅವನು ಮುಂದಿನ ಬಂದರಿನ ಟಿಕೆಟ್ಟುಗಳನ್ನೂ ಹಿಂದಿನ ಬಂದರಿನ ದೂರುಗಳನ್ನೂ ಹರಡಿಕೊಂಡು ಕೂತಿರಬೇಕಾಗಿತ್ತು.

ಅವನಿಗೆ ಜಲಪಾತದ ಆಸೆಯೂ ಅಷ್ಟಾಗಿ ಇರಲಿಲ್ಲ. ಯಾರೂ ಏನೂ ಕೇಳದ ನಾಲ್ಕು ಗಂಟೆ ಸಿಕ್ಕರೆ ಸಾಕಿತ್ತು. ಹಿಂದಿನ ಸಲ ಊರಿಗೆ ಹೋದಾಗ ಅವನ ಹೆಂಡತಿ ನಡುರಾತ್ರಿ ಎದ್ದು ಕೂತು ಅತ್ತಿದ್ದಳು. "ನಿದ್ದೇಲೂ 'ಊಟ ಸೇರಿದೆ, ಟವೆಲ್ ನೀವೇ ತರಬೇಕು' ಅಂತೀರಲ್ಲ, ನನ್ನ ಹತ್ರ ಮಾತಾಡೋದು ಯಾವಾಗ?" ಎಂದಿದ್ದಳು.

ಆದ್ದರಿಂದ ಜಲಪಾತಣ್ಣ ಅಳೆದು ಸುರಿದು ಹನ್ನೊಂದನೆಯ ಟ್ರಿಪ್ಪನ್ನು ಆರಿಸಿಕೊಂಡ. ಅದು ಹಳೆಯ ಹಗ್ಗದ ಕಾರ್ಖಾನೆ. ಪಟ್ಟಿಯ ತಳದಲ್ಲಿ, ಕಾಗದ ಮಡಿಸುವ ಗೆರೆಯ ಮೇಲೆ ಅಚ್ಚಾಗಿದ್ದ ಆ ಹೆಸರನ್ನು ಜನ ಓದುವುದೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ಮೂರು ಟಿಕೆಟ್ ಹೋಗಿತ್ತು. ಅದರಲ್ಲಿ ಒಂದನ್ನು ಕನ್ನಡಕ ಮರೆತು ಬಂದವರೊಬ್ಬರು ಕೊಂಡಿದ್ದರು.

ಅವನ ಕ್ಯಾಬಿನ್ನಿನ ಮೇಲಿನ ಮಂಚದಲ್ಲಿ ಮಲಗುತ್ತಿದ್ದವನು ಹಡಗಿನ ಕ್ಷೌರಿಕ. ಬೆಳಿಗ್ಗೆ ಆರಕ್ಕೆ ತಲೆ ಕೆಳಗೆ ಇಳಿಬಿಟ್ಟು ಕೇಳಿದ.

"ಅಣ್ಣಾ, ಎಲ್ಲಿಗೆ ಅಂತ ತೀರ್ಮಾನ ಆಯ್ತಾ?"

"ಆಯ್ತಪ್ಪ. ಆದ್ರೆ ಯಾರಿಗೂ ಹೇಳಬೇಡ. ಹಗ್ಗದ ಕಾರ್ಖಾನೆಗೆ."

"ಹಗ್ಗಾನಾ? ಮನೇಲಿ ಎಲ್ಲಾ ಚೆನ್ನಾಗಿದಾರೆ ತಾನೇ?"

"ಥೂ, ಬಿಡ್ತು ಅನ್ನು! ಅಲ್ಲಿಗೆ ಯಾರೂ ಬರಲ್ಲ, ಅದಕ್ಕೆ."

"ಸರಿ ಬಿಡು. ನನ್ನ ಬಾಯಿ ಅಂದ್ರೆ ಬೀಗ" ಎಂದ ಕ್ಷೌರಿಕ.

ಬೀಗವೇನೋ ನಿಜ. ಆದರೆ ಅದರ ಕೀಲಿಕೈ ಗಿರಾಕಿಗೊಂದರಂತೆ ಹಂಚಿಹೋಗಿತ್ತು. ಏಳು ಗಂಟೆಗೆ ಅವನ ಕುರ್ಚಿಯಲ್ಲಿ ಕೂತವರು ಮೊಳೆ, ತಿರುಪು, ಕೀಲುಗಳ ಸಗಟು ವ್ಯಾಪಾರಿ. ಹಡಗಿನ ತುಂಬ ಮೊಳೆ ಸಾಹುಕಾರರು ಎಂದೇ ಹೆಸರಾದವರು. ಕೆನ್ನೆಯ ಮೇಲೆ ನೊರೆ ಇದ್ದಂತೆಯೇ ಅವರು ಎದ್ದು ಕೂತರು.

"ಟಿಕೆಟ್ ಮಾರೋನು ತಾನು ಹೋಗ್ತಿರೋದು ಹಗ್ಗದ ಕಾರ್ಖಾನೆಗಾ? ಹಾಗಿದ್ರೆ ನಮಗ್ಯಾಕೆ ಜಲಪಾತ ಅಂಟಿಸಿದ?"

"ಯಾರಿಗೂ ಹೇಳಬೇಡಿ ಅಂದಿದಾನೆ ಸಾರ್" ಎಂದ ಕ್ಷೌರಿಕ.

ಆ ಒಂದು ಮಾತೇ ಸಾಕಾಯಿತು. ಅರ್ಧ ಕ್ಷೌರದಲ್ಲೇ ಸಾಹುಕಾರರು ಕೆಳಗಿಳಿದರು. ತಿಂಡಿಯ ಸಾಲಿನಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿಗೆ ಕಿವಿಯಲ್ಲಿ ಹೇಳಿದರು. ಮೂವತ್ತು ವರ್ಷ ಮೈದಾನದಲ್ಲಿ ಪ್ರಾರ್ಥನೆ ಹೇಳಿಸಿದ ಗಂಟಲು ಅದು. ಪಿಸುಗುಟ್ಟಿದರೂ ಹದಿನಾರು ಮೇಜು ದಾಟುತ್ತಿತ್ತು.

ಜಲಪಾತಣ್ಣನಿಗೆ ಇದೊಂದೂ ತಿಳಿಯದು. ಇಸ್ತ್ರಿಯವನು ಗರಿಗರಿಯಾಗಿ ಮಾಡಿಕೊಟ್ಟ ಬಿಳಿ ಅಂಗಿ ತೊಟ್ಟು, ಚೀಲಕ್ಕೆ ಎರಡು ತುಂಡು ಬ್ರೆಡ್ಡು ಹಾಕಿಕೊಂಡು, ಹೊಸ ಮದುಮಗನಂತೆ ಒಂಬತ್ತಕ್ಕೆ ಮೇಲೆ ಬಂದ. ಇಳಿಯುವ ಮೆಟ್ಟಿಲ ಬಳಿ ಮ್ಯಾನೇಜರಮ್ಮ ಮಡಿಸುವ ಮೇಜು ಹಾಕಿಕೊಂಡು ಕೂತಿದ್ದರು. ಅವರ ಸುತ್ತ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ. ಎಲ್ಲ ಜಲಪಾತಕ್ಕೇ ಇರಬೇಕು ಎಂದುಕೊಂಡು ಅವನು ತಲೆ ತಗ್ಗಿಸಿ ಇಳಿದುಬಿಟ್ಟ.

ಕಟ್ಟೆಯ ಮೇಲೆ, ಹನ್ನೊಂದು ಎಂದು ಬರೆದ ಹಲಗೆಯ ಹಿಂದೆ, ಒಬ್ಬರೇ ಇದ್ದರೂ ಹೊರಡುವ ಒಂದು ಪುಟ್ಟ ವ್ಯಾನು ನಿಂತಿರಬೇಕಾಗಿತ್ತು. ಅಲ್ಲಿ ಮೂರು ಬಸ್ಸು ನಿಂತಿದ್ದವು. ಮೂರೂ ತುಂಬಿದ್ದವು. ಮೊದಲ ಬಸ್ಸಿನ ಕಿಟಕಿಯಿಂದ ಮುಖ್ಯೋಪಾಧ್ಯಾಯಿನಿ ಕೈ ಬೀಸಿದರು.

"ಬನ್ನಿ ಬನ್ನಿ! ನಿಮಗೇ ಅಂತ ಸೀಟು ಹಿಡಿದಿದೀನಿ, ನನ್ನ ಪಕ್ಕ. ದಾರೀಲಿ ಸ್ವಲ್ಪ ಕೇಳೋದಿದೆ."

ಅವನು ಕಿಟಕಿಯ ಕೆಳಗೆ ಓಡಿದ.

"ಟೀಚರಮ್ಮ, ನೀವು ಜಲಪಾತಕ್ಕಲ್ವಾ ಟಿಕೆಟ್ ತಗೊಂಡಿದ್ದು? ಇಲ್ಲಿ ನೋಡೋಕೆ ಏನೂ ಇಲ್ಲ. ನಿಜವಾಗ್ಲೂ ಇಲ್ಲ. ಒಂದು ಉದ್ದ ಶೆಡ್ಡು, ತೆಂಗಿನ ನಾರು, ಧೂಳು. ಅಷ್ಟೇ!"

ನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಒಂದು ಟ್ರಿಪ್ ಬಗ್ಗೆ ಅಪ್ಪಟ ಸತ್ಯ ಹೇಳಿದ್ದ. ಬಸ್ಸಿನ ತುಂಬ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೇಳಿದ್ರಾ?" ಎಂದರು ಅರ್ಧ ಗಡ್ಡದ ಮೊಳೆ ಸಾಹುಕಾರರು. "ನಲವತ್ತು ವರ್ಷ ವ್ಯಾಪಾರ ಮಾಡಿದೀನಿ. ಅಂಗಡಿಯವನು ತಾನಾಗೇ 'ಅದು ಚೆನ್ನಾಗಿಲ್ಲ ಸ್ವಾಮಿ' ಅಂದ ಅಂದ್ರೆ, ಅದನ್ನ ತನ್ನ ಮಗಳ ಮದುವೆಗೆ ಎತ್ತಿಟ್ಟಿದಾನೆ ಅಂತ ಅರ್ಥ!"

ಹೊರಗೆ ನಿಂತಿದ್ದ ನಾಲ್ಕು ಜನ ಓಡಿಬಂದು ಹತ್ತಿಕೊಂಡರು.

ಜಲಪಾತಣ್ಣ ಹಿಂದೆ ಹಿಂದೆ ಸರಿದ. ಹಗ್ಗದ ಆಸೆ ಬಿಟ್ಟ. ಎಲ್ಲರೂ ಇಲ್ಲಿದ್ದಾರೆ ಎಂದ ಮೇಲೆ ಜಲಪಾತದ ಬಸ್ಸು ಖಾಲಿ ಇರಬೇಕಲ್ಲ! ಕಟ್ಟೆಯ ಆ ತುದಿಗೆ ಒಂದೇ ಓಟ ಓಡಿದ. ಇತ್ತು. ಖಾಲಿಯಾಗಿಯೇ ಇತ್ತು. ಡ್ರೈವರು ಸ್ಟಿಯರಿಂಗ್ ಮೇಲೆ ಕಾಲು ಚಾಚಿ ಹಲ್ಲು ಕೆದಕುತ್ತಿದ್ದ.

"ಹೊರಡೋಣ ನಡೀರಿ!" ಎಂದು ಜಲಪಾತಣ್ಣ ಏದುಸಿರು ಬಿಡುತ್ತ ಮೊದಲ ಸೀಟಿನಲ್ಲಿ ಕುಸಿದ.

"ಎಷ್ಟು ಜನ ನೀವು?"

"ಒಬ್ಬನೇ."

"ಹಾಗಾದ್ರೆ ಇಳೀರಿ. ನಾಲ್ಕು ಜನ ಆಗದೆ ಬಸ್ಸು ಹೊರಡೋ ಹಾಗಿಲ್ಲ. ಟಿಕೆಟ್ ಹಿಂದುಗಡೆ ಬರೆದಿದೆ ನೋಡಿ."

ನೋಡುವ ಅಗತ್ಯವಿರಲಿಲ್ಲ. ಆ ನಿಯಮ ಬರೆದವನು ಅವನೇ. 'ಯಾವ ಕಾರಣಕ್ಕೂ ವಿನಾಯಿತಿ ಇಲ್ಲ' ಎಂಬ ಸಾಲನ್ನು ಸೇರಿಸಿದವನೂ ಅವನೇ.

ಅಷ್ಟರಲ್ಲಿ ಮೂರು ಬಸ್ಸುಗಳೂ ಅವನನ್ನು ಹುಡುಕಿಕೊಂಡು ಈ ತುದಿಗೇ ಬಂದು ನಿಂತವು. "ಅಯ್ಯೋ, ಕಳೆದುಹೋಗಿದ್ರಿ ಅಂತ ಗಾಬರಿಯಾಯ್ತು!" ಎಂದು ಮುಖ್ಯೋಪಾಧ್ಯಾಯಿನಿ ಕೈ ಹಿಡಿದು ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಕೇಳಿದರು. ಈ ಮರ ಯಾವುದು, ಆ ಹಕ್ಕಿ ಯಾವುದು, ಕಾರ್ಖಾನೆಗೆ ವಯಸ್ಸೆಷ್ಟು, ಅವನ ಹೆಂಡತಿ ಅವನನ್ನು ಬಿಟ್ಟು ಹೇಗಿದ್ದಾಳೆ. ಪ್ರತಿಯೊಂದಕ್ಕೂ ಅವನು ಕಿಟಕಿಯಾಚೆ ನೋಡಿದ. "ಬಾಯಿ ಬಿಡೋದೇ ಇಲ್ಲ ಪುಣ್ಯಾತ್ಮ" ಎಂದು ಹಿಂದಿನ ಸೀಟಿನವರು ಮೆಚ್ಚಿಕೊಂಡರು.

ಹಗ್ಗದ ಕಾರ್ಖಾನೆ ಅವನು ಹೇಳಿದ ಹಾಗೆಯೇ ಇತ್ತು. ರೈಲಿನಷ್ಟು ಉದ್ದದ ತಗಡಿನ ಶೆಡ್ಡು, ನಾರಿನ ಗುಡ್ಡೆ, ಧೂಳು. ಒಂದು ತುದಿಯಲ್ಲಿ ಮೂರು ಕೊಕ್ಕೆಯ ರಾಟೆ. ಅದರ ಪಕ್ಕ ಮುಕ್ಕಾಲಿಯ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ನೂರ ಇಪ್ಪತ್ತು ಜನ ಒಳನುಗ್ಗಿದ್ದನ್ನು ನೋಡಿ ಅವಳು ಎದ್ದು ಗೋಡೆಗೆ ಅಂಟಿಕೊಂಡಳು.

"ಯಾರಾದ್ರೂ ಸತ್ರಾ?" ಎಂದು ಕೇಳಿದಳು.

"ಇಲ್ಲಜ್ಜಿ, ನೋಡೋಕೆ ಬಂದಿದಾರೆ. ಸ್ವಲ್ಪ ವಿವರಿಸ್ತೀರಾ?" ಎಂದ ಜಲಪಾತಣ್ಣ.

"ನಂಗೆ ನಾರು ಹೊಸೆಯೋದು ಗೊತ್ತಪ್ಪ. ಮಾತು ಹೊಸೆಯೋದು ಬರಲ್ಲ."

ಐದು ನಿಮಿಷ ಕಳೆಯಿತು. ಜನ ಶೆಡ್ಡಿನ ಆ ತುದಿಗೆ ಹೋಗಿ ಬಂದರು. ತಗಡು ಕಾದು ಒಳಗೆ ಹಬೆಯಾಡುತ್ತಿತ್ತು. ಯಾರೋ ಸೀನಿದರು, ಯಾರೋ ಗೊಣಗಿದರು. ಮೊಳೆ ಸಾಹುಕಾರರು ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತ, "ಎಲ್ರೀ ವಿಶೇಷ?" ಎಂದು ಗುಡುಗಿದರು. ಎಲ್ಲರ ಕಣ್ಣೂ ಜಲಪಾತಣ್ಣನ ಮೇಲೆ ನೆಟ್ಟಿತು. ಹಾದಿಯಲ್ಲಿ ಹೋಗೋ ಮಾರಿಯನ್ನ ಮನೆಗೆ ಕರೆದವನು ತಾನಲ್ಲ, ಮಾರಿಯೇ ಬಸ್ಸು ಮಾಡಿಕೊಂಡು ಬಂತು ಎಂದು ಯಾರಿಗೆ ಹೇಳುವುದು? ಇಷ್ಟೂ ಜನ ಹಡಗಿಗೆ ಮರಳಿ ದೂರು ಬರೆದರೆ, ಅದನ್ನು ಓದಿ ಉತ್ತರ ಬರೆಯಬೇಕಾದವನೂ ತಾನೇ.

"ವಿಶೇಷ ಏನಂದ್ರೆ..." ಎಂದ. ಆಮೇಲೆ ಏನೂ ಹೊಳೆಯದೆ ಕೈಗೆ ಸಿಕ್ಕ ನಾರಿನ ಎಳೆಯ ತುದಿಯನ್ನು ಸಾಹುಕಾರರ ಕೈಗೆ ತುರುಕಿದ. "ವಿಶೇಷ ಏನಂದ್ರೆ, ಇಲ್ಲಿ ನೋಡೋದಲ್ಲ. ಮಾಡೋದು! ಅಜ್ಜಿ, ರಾಟೆ ತಿರುಗ್ಸಿ!"

ಅಜ್ಜಿಗೆ ಇದು ಅರ್ಥವಾಗುವ ಮಾತಾಗಿತ್ತು. ಮೂರು ಎಳೆಗಳನ್ನು ಕೊಕ್ಕೆಗೆ ಸಿಕ್ಕಿಸಿ, "ಆ ತುದಿಗೆ ನಡೀರಿ, ಬಿಗಿಯಾಗಿ ಹಿಡೀರಿ, ಬಿಟ್ರೆ ಕೆಟ್ರಿ" ಎಂದಳು. ಎಳೆಯುದ್ದಕ್ಕೂ ಇಪ್ಪತ್ತು ಹೆಜ್ಜೆಗೊಬ್ಬರು ನಿಂತರು. ಮುಖ್ಯೋಪಾಧ್ಯಾಯಿನಿ ಸೆರಗು ಸಿಕ್ಕಿಸಿ ರಾಟೆಯ ಹಿಡಿಯನ್ನು ತಾವೇ ಕಿತ್ತುಕೊಂಡರು. "ಒಂದು! ಎರಡು! ಹಿಂದಿನ ಸಾಲು, ಮಾತಾಡಬಾರದು!" ಹುರಿ ಏರಿದಂತೆಲ್ಲ ಎಳೆ ಗಿಡ್ಡವಾಗಿ, ಆ ತುದಿಯಲ್ಲಿದ್ದ ಸಾಹುಕಾರರನ್ನು ಮುಂದಕ್ಕೆ ಜಗ್ಗತೊಡಗಿತು. ಅವರು ಕಾಲು ಊರಿದರೂ ಕೇಳಲಿಲ್ಲ. ಹಗ್ಗ ಕಟ್ಟಿ ಎಳೆದ ಕರುವಿನಂತೆ ದಡಬಡ ದಡಬಡ ಬಂದರು. ಜನ ಬಿದ್ದು ಬಿದ್ದು ನಕ್ಕರು. ಸಾಹುಕಾರರೂ ನಕ್ಕರು. ಗಂಡ ಒಂದು ತುದಿ, ಹೆಂಡತಿ ಒಂದು ತುದಿ ಹಿಡಿದು ಪಂದ್ಯ ಕಟ್ಟಿದರು. ಮೊದಲ ಹಗ್ಗ ತಯಾರಾದಾಗ ಶೆಡ್ಡು ಹಾರಿಹೋಗುವಂತೆ ಚಪ್ಪಾಳೆ.

ಎರಡನೆಯ ಹಗ್ಗಕ್ಕೆ ಸರದಿ ಹಚ್ಚಿದ್ದೇ ತಡ, ಜಲಪಾತಣ್ಣ ಹಿಂಬಾಗಿಲಿನಿಂದ ಮೆಲ್ಲಗೆ ಜಾರಿಕೊಂಡ. ಅಲ್ಲೊಂದು ಅಗಲ ಎಲೆಯ ಮರವಿತ್ತು. ಕೆಳಗೆ ಕೂತ. ಬೆನ್ನನ್ನು ಕಾಂಡಕ್ಕೆ ಒರಗಿಸಿದ. ನೆಲ ಹಡಗಿನಂತೆ ಎಡಕ್ಕೂ ಬಲಕ್ಕೂ ತೂಗಿತು. ಅಲುಗುತ್ತಿರುವುದು ನೆಲವಲ್ಲ, ತಾನೇ ಎಂದು ತಿಳಿಯಲು ಒಂದಿಷ್ಟು ಹೊತ್ತು ಬೇಕಾಯಿತು. ಅಜ್ಜಿ ಬಂದು ಒಂದು ಎಳನೀರನ್ನು ಅವನ ಮುಂದಿಟ್ಟು ಪಕ್ಕದಲ್ಲಿ ಕೂತಳು. ಯಾವ ಊರು ಎನ್ನಲಿಲ್ಲ. ಮಕ್ಕಳೆಷ್ಟು ಎನ್ನಲಿಲ್ಲ. ಏನನ್ನೂ ಕೇಳಲಿಲ್ಲ. ಎಳನೀರು ಕುಡಿಯುವಾಗ ಅವನ ಕಣ್ಣು ಯಾಕೋ ಒದ್ದೆಯಾಯಿತು.

ಹನ್ನೆರಡು ನಿಮಿಷ. ಆಮೇಲೆ ಬಸ್ಸು ಹಾರನ್ ಹೊಡೆಯಿತು.

ಹಡಗಿಗೆ ಮರಳಿದಾಗ ಮ್ಯಾನೇಜರಮ್ಮ ಮೆಟ್ಟಿಲ ಮೇಲೆಯೇ ಕಾಯುತ್ತಿದ್ದರು. ಕೆಲಸ ಹೋಯಿತು ಎಂದುಕೊಂಡು ಅವನು ಕೈಕಟ್ಟಿ ನಿಂತ. ಅವರು ಅವನನ್ನು ತಮ್ಮ ಕೋಣೆಗೆ ಕರೆದೊಯ್ದು, ಕುರ್ಚಿ ಎಳೆದು ಕೂರಿಸಿ, ತಾವೇ ಚಹಾ ಬಗ್ಗಿಸಿ ಕೊಟ್ಟರು. ಅವನ ಭಯ ಇನ್ನೂ ಹೆಚ್ಚಾಯಿತು.

"ನೀವು ಇಷ್ಟು ದಿನ ಒಂದು ದಿನವೂ ರಜೆ ಕೇಳಲಿಲ್ಲ ಅಲ್ವಾ?"

"ಇಲ್ಲಮ್ಮ."

"ಇನ್ಮೇಲೆ ಪ್ರತಿ ಬಂದರಲ್ಲೂ ನಿಮಗೆ ರಜೆ. ಬೆಳಿಗ್ಗೆ ಇಳೀರಿ, ಸಂಜೆ ಬನ್ನಿ."

ಜಲಪಾತಣ್ಣ ಬಟ್ಟಲನ್ನು ಕೆಳಗಿಟ್ಟ. ಎದ್ದು ಅವರ ಕಾಲಿಗೆ ಬೀಳುವುದೊಂದು ಬಾಕಿ.

"ಎಲ್ಲಿಗೆ ಅನ್ನೋದು ಮಾತ್ರ ನಾನು ಹೇಳ್ತೀನಿ" ಎಂದು ಮ್ಯಾನೇಜರಮ್ಮ ಒಂದು ಪಟ್ಟಿ ತೆಗೆದರು. "ಜಲಪಾತಕ್ಕೆ ನೀವು ಬೇಕಾಗಿಲ್ಲ, ಅದು ತಾನಾಗೇ ಹೋಗುತ್ತೆ. ಯಾವುದು ಹೋಗಲ್ವೋ ಅಲ್ಲಿಗೆ ನೀವು ಹೋಗಬೇಕು. ನಾಳೆ ಬಂದರಲ್ಲಿ ಊರಿನ ಹಳೇ ನೀರಿನ ಟ್ಯಾಂಕಿದೆ. ಮುನ್ನೂರ ಎಪ್ಪತ್ತು ಮೆಟ್ಟಿಲು. ಇವತ್ತಿನವರೆಗೆ ಒಂದೂ ಟಿಕೆಟ್ ಹೋಗಿಲ್ಲ."

"ಅಮ್ಮಾ, ಟ್ಯಾಂಕ್ ಹತ್ತಿ ನಾನೇನು ಮಾಡ್ಲಿ?"

"ಏನೂ ಮಾಡಬೇಡಿ. 'ಅಲ್ಲಿ ಏನೂ ಇಲ್ಲ' ಅನ್ನಿ, ಇವತ್ತು ಅಂದ್ರಲ್ಲ, ಅದೇ ಮುಖದಲ್ಲಿ. ಮತ್ತೆ ಈ ವಿಷಯ ಗುಟ್ಟಾಗಿರಲಿ. ಕ್ಷೌರದವನಿಗೆ ಬಿಟ್ಟು ಇನ್ಯಾರಿಗೂ ಹೇಳಬೇಡಿ."

ಜಲಪಾತಣ್ಣ ಹೊರಗೆ ಬಂದ. ಬಾಗಿಲ ಎದುರಿಗೇ ಮುಖ್ಯೋಪಾಧ್ಯಾಯಿನಿಯೂ ಮೊಳೆ ಸಾಹುಕಾರರೂ ನಿಂತಿದ್ದರು; ಅವರ ಬೆನ್ನ ಹಿಂದೆ ಮೊಗಸಾಲೆಯ ತಿರುವಿನವರೆಗೂ ಸಾಲು.

"ನಾಳೆ ಎಲ್ಲಿಗೆ?" ಎಂದು ಮುಖ್ಯೋಪಾಧ್ಯಾಯಿನಿ ಪಿಸುಗುಟ್ಟಿದರು. ಸಾಲು ಪೂರ್ತಿ ಕಿವಿ ನಿಮಿರಿಸಿತು.

ಅವನೊಳಗೆ ನಾಲ್ಕು ವರ್ಷದಿಂದ ಮಡಚಿಟ್ಟಿದ್ದ ಏನೋ ಒಂದು ಕಡೆಗೂ ಎದ್ದು ನಿಂತಿತು. ಕೆಲಸ ಹೋದರೆ ಹೋಗಲಿ.

"ಎಲ್ಲಿಗೂ ಇಲ್ಲ ಟೀಚರಮ್ಮ!" ಎಂದು ಕೂಗಿದ. "ನಾಳೆ ನಾನು ಹಡಗು ಬಿಟ್ಟು ಇಳಿಯೋದೇ ಇಲ್ಲ. ಕೆಳಗಡೆ ನನ್ನ ಕ್ಯಾಬಿನ್ನಲ್ಲಿ ಬಾಗಿಲು ಹಾಕ್ಕೊಂಡು, ದೀಪ ಆರಿಸಿ, ಸಂಜೆ ತನಕ ಸುಮ್ಮನೆ ಮಲಗಿರ್ತೀನಿ. ಅಷ್ಟೇ!"

ಮುಖ್ಯೋಪಾಧ್ಯಾಯಿನಿ ಸಾಹುಕಾರರನ್ನು ನೋಡಿದರು. ಸಾಹುಕಾರರು ನಿಧಾನವಾಗಿ ತಲೆದೂಗಿ, ಅವನ ಹತ್ತಿರ ಬಂದು, ಭುಜದ ಮೇಲೆ ಕೈಯಿಟ್ಟರು.

"ನಮ್ಮ ಮನೆಯವಳಿಗೂ ನನಗೂ ಎರಡು ಸೀಟು ಬರ್ಕೊಳ್ಳಿ" ಎಂದರು. "ಟವೆಲ್ ನಾವೇ ತರಬೇಕಾ?"