ಹರಿಹರದಿಂದ ಬಂದ ಜೋಡಿ ಸ್ಪೀಕರು

ಯಾರಾದರೂ ಮನೆಯ ವಸ್ತುವನ್ನು ಎರವಲು ಕೇಳಿದಾಗ ‘ಕೊಡುವುದಿಲ್ಲ’ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿ, ಆಮೇಲೂ ಅವರೊಂದಿಗೆ ನಗುನಗುತ್ತ ಮಾತಾಡಬಲ್ಲವರನ್ನು ಕಂಡರೆ ನನಗೆ ಅಪಾರ ಗೌರವ. ಆ ವಿದ್ಯೆ ನನಗೆ ಒಲಿಯಲಿಲ್ಲ. ಅದರಲ್ಲೂ ನಾವಿರುವುದು ನಿಟ್ಟುವಳ್ಳಿಯ ಒಂದು ಓಣಿಯಲ್ಲಿ. ನಿಟ್ಟುವಳ್ಳಿ ದಾವಣಗೆರೆಯ ಹೊಟ್ಟೆಯೊಳಗೆ ಸೇರಿ ಎಷ್ಟೋ ಕಾಲವಾಯಿತು. ಆದರೂ ಕೊಡುವ ತರುವ ವಿಷಯದಲ್ಲಿ ನಮ್ಮದು ಇನ್ನೂ ಹಳ್ಳಿಯೇ. ಒಬ್ಬರ ಏಣಿ ಎಂದರೆ ಓಣಿಯ ಏಣಿ. ನಮ್ಮ ಏಣಿಯನ್ನು ಹುಡುಕಿಕೊಂಡು ನಾನೇ ಮನೆಮನೆ ಅಲೆದು, ಕೊನೆಗೆ ಅದು ಸಿಕ್ಕ ಮನೆಯವರು ‘ಲಗೂನ ತಂದುಕೊಡ್ರಿ, ನಮಗೂ ಕೆಲಸ ಐತೆ’ ಎಂದು ನನಗೇ ಹೇಳಿ ಕಳಿಸಿದ್ದುಂಟು. ನಮ್ಮ ಇಡ್ಲಿ ಪಾತ್ರೆ ನಮಗಿಂತ ಹೆಚ್ಚು ಮದುವೆಗಳನ್ನು ನೋಡಿದೆ. ಇಂಥ ಓಣಿಯಲ್ಲಿದ್ದುಕೊಂಡು ನಾನು ಎದೆಯೆತ್ತರದ ಎರಡು ಟವರ್ ಸ್ಪೀಕರುಗಳನ್ನು ಮನೆಗೆ ತಂದೆ ಎಂದರೆ, ಮುಂದಿನದನ್ನು ನಾನಾಗಿಯೇ ಮೈಮೇಲೆ ಎಳೆದುಕೊಂಡೆ ಎಂದೇ ಅರ್ಥ.

ನಾನು ಕೆಲಸ ಮಾಡುವುದು ಹರಿಹರದ ಒಂದು ಕಾರ್ಖಾನೆಯಲ್ಲಿ. ದಿನವಿಡೀ ಯಂತ್ರಗಳ ಗಡಗಡ ಸದ್ದಿನಲ್ಲಿದ್ದು ಮನೆಗೆ ಬಂದವನಿಗೆ ಮೌನ ಬೇಕೆನಿಸಬೇಕು. ನನಗೆ ಮಾತ್ರ ಹಾಡು ಬೇಕು. ಇಷ್ಟು ವರ್ಷ ಮೊಬೈಲಿನಲ್ಲೇ ಕೇಳುತ್ತಿದ್ದೆ. ಸದ್ದು ಸಾಲದೆಂದು ಮೊಬೈಲನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ ಕೇಳುತ್ತಿದ್ದುದರಿಂದ, ಹೆಂಡತಿ ಸುಮಂಗಲ ಒಮ್ಮೆ ಅದೇ ಲೋಟಕ್ಕೆ ಕಾಫಿ ಬಗ್ಗಿಸುವವಳಿದ್ದಳು. ಹರಿಹರದಲ್ಲಿ ನಿವೃತ್ತ ಎಂಜಿನಿಯರೊಬ್ಬರು ಚಿಕ್ಕ ಮನೆಗೆ ಹೋಗುತ್ತಿದ್ದಾರೆ, ಸ್ಪೀಕರುಗಳನ್ನು ಅಗ್ಗಕ್ಕೆ ಕೊಡುತ್ತಾರೆ ಎಂದು ಸುದ್ದಿ ಬಂದದ್ದೇ ತಡ, ಕೆಲಸ ಮುಗಿಸಿದವನು ನೇರ ಅವರ ಮನೆಗೆ ಹೋದೆ.

ವ್ಯಾಪಾರ ಮಾಡಲು ಹೋದ ನನ್ನನ್ನು ಅವರು ಕನ್ಯೆ ನೋಡಲು ಬಂದ ವರನಂತೆ ವಿಚಾರಿಸಿಕೊಂಡರು. ಹಾಲ್ ಎಷ್ಟು ಅಗಲ, ನೆಲಕ್ಕೆ ಏನು ಹಾಸಿದೆ, ಗೋಡೆಗೆ ತೇವ ಇದೆಯೇ, ಮನೆಯಲ್ಲಿ ಬೆಕ್ಕಿದೆಯೇ. ಬೆಕ್ಕಿಲ್ಲ ಎಂದಾಗ ಅವರಿಗೆ ಸಮಾಧಾನವಾಯಿತು. ಸ್ಪೀಕರುಗಳೇನೂ ಹೊಸ ಮದುಮಕ್ಕಳಂತಿರಲಿಲ್ಲ. ಒಂದರ ಮೂಲೆ ಚಕ್ಕೆಯೆದ್ದಿತ್ತು. ಇನ್ನೊಂದರ ಮುಂದಿನ ಬಟ್ಟೆ ಹರಿದು, ಯಾರೋ ಹೊಂದಿಕೆಯಾಗದ ದಾರದಲ್ಲಿ ಹೊಲಿದಿದ್ದರು. ಆದರೆ ಅವರು ಹಾಡು ಹಚ್ಚಿದಾಗ ನಾನು ಕುಳಿತಲ್ಲೇ ಕುಳಿತುಬಿಟ್ಟೆ. ತಬಲದವನ ಬೆರಳು ಚರ್ಮಕ್ಕೆ ತಾಗುವುದು ಕೂಡ ಕೇಳಿಸುತ್ತಿತ್ತು. ಜೊತೆಗೊಂದು ಹಳೆಯ ಆಂಪ್ಲಿಫೈಯರನ್ನೂ ಕೊಟ್ಟು, ಬಾಗಿಲವರೆಗೆ ಬಂದು ಅವರು ಹೇಳಿದರು: ‘ಗೋಡಿಗೆ ಒತ್ತಿ ಇಡಬ್ಯಾಡ್ರಿ. ಮತ್ತೆ ಮದುವಿ, ಗಣಪತಿ ಅಂತ ಯಾರು ಕೇಳಿದ್ರೂ ಕೊಡಬ್ಯಾಡ್ರಿ. ಇವು ಮನ್ಯಾಗ ಕುಂತು ಕೇಳೋ ಸ್ಪೀಕರ್ರು. ಬಯಲಾಗ ಇಟ್ಟು ಜೋರು ಮಾಡಿದ್ರೆ ಒಂದೇ ದಿನಕ್ಕೆ ಎದಿ ಹರ್ಕೊಂಡು ಕುಂದ್ರತಾವೆ.’ ನಾನು ‘ಛೇ ಛೇ, ಕೊಡೋದುಂಟಾ’ ಎಂದೆ. ನನ್ನ ಓಣಿಯ ಬಗ್ಗೆ ಅವರಿಗೆ ತಿಳಿಸಲಿಲ್ಲ.

ಗೂಡ್ಸ್ ಆಟೋದಲ್ಲಿ, ಕಂಬಳಿ ಹೊದಿಸಿ, ಪಿ.ಬಿ. ರಸ್ತೆಯುದ್ದಕ್ಕೂ ಅವೆರಡರ ನಡುವೆ ನಾನೇ ನಿಂತು ತಬ್ಬಿಕೊಂಡು ಬಂದೆ. ಓಣಿಯಲ್ಲಿ ಇಳಿಸುವಾಗ ಎಲ್ಲ ಬಾಗಿಲಲ್ಲೂ ಜನ. ಒಂದೇ ಮನೆಗೆ ಎರಡು ಫ್ರಿಜ್ಜು ಯಾಕೆ ಎಂದು ಕೆಲವರಿಗೆ ಚಿಂತೆ. ಗೋಡೆಗೆ ಒತ್ತಿ ಇಡಬಾರದೆಂಬ ಆಜ್ಞೆಯಿದ್ದುದರಿಂದ ಅವು ಹಾಲಿನ ನಡುವೆಯೇ ನಿಂತವು. ಅಡುಗೆಮನೆಗೆ ಹೋಗುವವರು ಅವುಗಳ ಪಕ್ಕದಿಂದ ಓರೆಯಾಗಿ ನುಸುಳಬೇಕಾಯಿತು. ‘ಮನಿ ನಮ್ಮದೋ ಅವುಗಳದೋ?’ ಎಂದಳು ಸುಮಂಗಲ. ಆದರೆ ನಾಲ್ಕೇ ದಿನದಲ್ಲಿ ಒಂದರ ತಲೆಯ ಮೇಲೆ ಬೀಗದಕೈ, ಇನ್ನೊಂದರ ತಲೆಯ ಮೇಲೆ ಹಾಲಿನ ಪಾಕೀಟು ಇಡುವ ರೂಢಿಯನ್ನು ಅವಳೇ ಮಾಡಿಕೊಂಡಳು. ಅಷ್ಟು ಅನುಕೂಲದ ಎತ್ತರ ಮನೆಯಲ್ಲಿ ಬೇರೆ ಯಾವುದಕ್ಕೂ ಇರಲಿಲ್ಲ.

ಅವುಗಳ ನಿಜವಾದ ಬೆಲೆ ತಿಳಿದವರು ಕುಕ್ಕುವಾಡದ ನಮ್ಮ ಮಾವ. ಭತ್ತದ ಗದ್ದೆಯ ಕೆಲಸ ಬಿಡುವಾದಾಗ ಮಗಳನ್ನು ನೋಡಲು ಬಂದಿದ್ದರು. ಒಂದು ಹಾಡು ಪೂರ್ತಿ ಕೇಳಿ, ಎದ್ದು ಹೋಗಿ ಎರಡೂ ಸ್ಪೀಕರುಗಳಿಗೆ ಸರದಿಯಂತೆ ಕಿವಿ ಕೊಟ್ಟು, ವಾಪಸು ಬಂದು ಕುಳಿತರು. ‘ಹಾಡೋನು ಆ ಕಡೀ ಪೆಟಿಗ್ಯಾಗೂ ಇಲ್ಲ, ಈ ಕಡೀ ಪೆಟಿಗ್ಯಾಗೂ ಇಲ್ಲ. ನಡುವ, ಏನೂ ಇಲ್ಲದ ಕಡೆ ನಿಂತು ಹಾಡ್ತಾನಲ್ಲ ಅಳಿಯಂದ್ರೆ!’ ಎಂದರು. ಇದಕ್ಕಿಂತ ಚೆನ್ನಾಗಿ ಸ್ಟೀರಿಯೋ ಎಂಬುದನ್ನು ಯಾರೂ ವಿವರಿಸಿದ್ದನ್ನು ನಾನು ಕೇಳಿಲ್ಲ. ಅವರು ಊರಿಗೆ ಹೋಗುವವರೆಗೂ ಆ ಖಾಲಿ ಜಾಗದಲ್ಲಿ ಯಾರೂ ಓಡಾಡದಂತೆ ನೋಡಿಕೊಂಡರು. ಆ ದಿನಗಳಲ್ಲಿ ನಾನು ತುಂಬಾ ಸುಖವಾಗಿದ್ದೆ.

ಆಮೇಲೆ ಗಣಪತಿ ಹಬ್ಬ ಹತ್ತಿರ ಬಂತು. ಓಣಿಯ ಗಣಪತಿಗೆ ಪ್ರತಿ ವರ್ಷ ಮುಂದಾಳು ಪರಮೇಶಣ್ಣ. ಮೂಲೆಯಲ್ಲಿ ಅವನದು ಮಂಡಕ್ಕಿ ಮಿರ್ಚಿಯ ಗಾಡಿ. ನಾನು ಸಂಜೆ ಬೈಕಿನಿಂದ ಇಳಿಯುವುದನ್ನು ದೂರದಿಂದಲೇ ನೋಡಿ, ಹೇಳದೆಯೇ ಮಿರ್ಚಿಯನ್ನು ಬಿಸಿ ಎಣ್ಣೆಗೆ ಬಿಡುವ ಮನುಷ್ಯ. ಅಂಥವನಿಗೆ ಇಲ್ಲ ಎನ್ನುವುದು ಹೇಗೆ? ಒಂದು ಸಂಜೆ ಕೈ ಒರೆಸಿಕೊಳ್ಳುತ್ತ ಮನೆಗೇ ಬಂದ. ‘ನಾಗರಾಜಣ್ಣ, ಈ ಸಲ ಪೆಂಡಾಲಿಗೆ ನಿಮ್ಮ ಸ್ಪೀಕರ್ರೇ. ಗಣಪ್ಪನ ಎರಡೂ ಬಾಜೂಕ ನಿಲ್ಲಿಸಿದ್ರೆ ಏನ್ ಕಳೆ ಬರ್ತೈತೆ ಅಂತೀರಿ!’ ಮಳೆ, ಪಟಾಕಿ, ಕರ್ಪೂರದ ಹೊಗೆ, ಸದ್ದು ಸಾಲದೆಂದು ಗುಂಡಿ ತಿರುಗಿಸುವ ಹತ್ತಾರು ಕೈಗಳು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ‘ಅಯ್ಯೋ ಪರಮೇಶಣ್ಣ, ಅವು ಕೆಟ್ಟೋಗ್ಯಾವಲ್ಲ!’ ಎಂದುಬಿಟ್ಟೆ. ಅವನ ಮುಖದಲ್ಲಿ ನಿಜವಾದ ಸಂಕಟ ಕಾಣಿಸಿತು. ‘ಎರಡೂನಾ? ಪಾಪ. ನೀವೇನೂ ಚಿಂತಿ ಮಾಡಬ್ಯಾಡ್ರಿ. ಟಿ.ವಿ. ರಿಪೇರಿ ಮಾಡೋ ನಮ್ಮ ದೋಸ್ತ್ ಒಬ್ಬ ಅದಾನೆ. ನಾಳೆ ಮುಂಜಾನೆ ಕರ್ಕೊಂಡೇ ಬರ್ತೀನಿ.’

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಎನ್ನುವ ಬಾಯಿ ಇದ್ದಿದ್ದರೆ ಮೊದಲನೆಯ ಸುಳ್ಳೇ ಬೇಕಿರಲಿಲ್ಲವಲ್ಲ. ಈಗ ನನ್ನ ಮುಂದೆ ಇದ್ದದ್ದು ಎರಡೇ ದಾರಿ: ಪರಮೇಶಣ್ಣನ ಎದುರು ಸುಳ್ಳನಾಗುವುದು, ಇಲ್ಲವೆ ಆಡಿದ ಮಾತನ್ನು ನಿಜ ಮಾಡುವುದು. ಸುಮಂಗಲ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು ಹಿಡಿದು ಸ್ಪೀಕರುಗಳ ಹಿಂದೆ ಕುಳಿತೆ. ಕಂಬಳಿ ಹೊದಿಸಿ ತಬ್ಬಿಕೊಂಡು ತಂದ ಅದೇ ಕೈಯಿಂದ ಹಿಂದಿನ ಪ್ಲೇಟು ಬಿಚ್ಚಿ, ಕಣ್ಣು ಮುಚ್ಚಿಕೊಂಡು ಎರಡರೊಳಗೂ ಒಂದೊಂದು ತಂತಿ ಕತ್ತರಿಸಿದೆ. ಕಣ್ಣು ಮುಚ್ಚಿಕೊಂಡಿದ್ದರಿಂದ ಕತ್ತರಿಸಿದ್ದು ನೆಟ್ಟಗಿರಲಿಲ್ಲ, ಕಚ್ಚಿ ಎಳೆದಂತಿತ್ತು. ಮನಸ್ಸಿಗೆ ಬಹಳ ಕೆಡುಕೆನಿಸಿತು. ಆದರೂ ಪ್ಲೇಟನ್ನು ಮತ್ತೆ ಕೂರಿಸಿ ಎದ್ದಾಗ, ಇನ್ನು ನಾನು ಸತ್ಯವಂತ ಎಂಬ ಒಂದು ತೆಳುವಾದ ಸಮಾಧಾನವೂ ಆಯಿತು. ಇಂಥ ರಿಪೇರಿಯೆಂದರೆ ಹಬ್ಬ ಕಳೆಯುವವರೆಗೂ ಅಂಗಡಿಯಲ್ಲೇ ಬಿದ್ದಿರುತ್ತದೆ ಎಂಬುದು ನನ್ನ ಲೆಕ್ಕಾಚಾರ.

ರಿಪೇರಿಯವನು ಬಂದು, ಬಿಚ್ಚಿ, ಟಾರ್ಚು ಬಿಟ್ಟು ನೋಡಿ, ‘ಇಲಿ ಕಡಿದೈತ್ರಿ’ ಎಂದ. ಹಿಂದಿರುವ ದುಂಡನೆಯ ತೂತಿನಿಂದ ಇಲಿ ಒಳಗೆ ಹೋಗುವುದು ಇಂಥ ಸ್ಪೀಕರುಗಳಲ್ಲಿ ಮಾಮೂಲಂತೆ. ನಾನು ‘ಇರಬಹುದು, ಇರಬಹುದು’ ಎಂದು ತಲೆಯಾಡಿಸಿದೆ. ಅಂಗಡಿಗೆ ಒಯ್ಯುವ ಮಾತೇ ಬರಲಿಲ್ಲ. ನಾವು ಕೊಟ್ಟ ಚಹಾ ಆರುವುದರೊಳಗೆ ಅವನು ಎರಡಕ್ಕೂ ಬೆಸುಗೆ ಹಾಕಿ ಮುಗಿಸಿದ. ಸುಮಂಗಲ ಮಾತ್ರ ಬಾಗಿಲಿಗೆ ಒರಗಿ ನಿಂತು ಯೋಚಿಸುತ್ತಿದ್ದಳು. ‘ಎರಡೂ ಪೆಟಿಗ್ಯಾಗ ಒಂದೊಂದೇ ತಂತಿ, ಅದೂ ಅದೇ ಬಣ್ಣದ್ದೇ ಹುಡುಕಿ ಕಡಿದೈತೆ ಅಂದ್ರೆ ಭಾಳ ಶಾಣ್ಯಾ ಇಲಿ’ ಎಂದು ನನ್ನನ್ನೇ ನೋಡಿದಳು. ಅಂದು ಸಂಜೆ ಇಲಿ ಬೋನು ತರುವಂತೆ ನನಗೇ ಅಪ್ಪಣೆಯಾಯಿತು. ತಂದೆ. ಅದರೊಳಗೆ ಕೊಬ್ಬರಿ ಸುಟ್ಟು ಕಟ್ಟುವ ಕೆಲಸವನ್ನೂ ನನ್ನಿಂದಲೇ ಮಾಡಿಸಿದಳು.

ಓಣಿಯವರೇ ರಿಪೇರಿ ಮಾಡಿಸಿದ ಸ್ಪೀಕರುಗಳನ್ನು ಓಣಿಯ ಗಣಪತಿಗೆ ಕೊಡದಿರುವುದು ಹೇಗೆ? ಚೌತಿಯ ಮುಂಜಾನೆ ಅವು ಮಂಡಕ್ಕಿಯ ಗಾಡಿಯ ಮೇಲೆ ಮೆರವಣಿಗೆ ಹೊರಟವು. ನಾನು ರಜೆ ಹಾಕಿ ಪೆಂಡಾಲಿನಲ್ಲೇ ಕುಳಿತೆ. ಆಂಪ್ಲಿಫೈಯರಿನ ಗುಂಡಿಗೆ ಯಾರ ಕೈ ಹೋದರೂ ಅದಕ್ಕಿಂತ ಮುಂಚೆ ನನ್ನ ಕೈ ಅಲ್ಲಿರುತ್ತಿತ್ತು. ‘ಸಾಕು, ಇಷ್ಟಿದ್ರೇ ಚಂದ’ ಎಂದು ಹೇಳಿ ಹೇಳಿ ಬಾಯಿ ಒಣಗಿತು. ಇಷ್ಟಿದ್ದರೆ ಚಂದವೇನೋ ಇತ್ತು, ಆದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಒಂದು ಆಟೋ ಹಾದುಹೋದರೆ ಪಲ್ಲವಿ ಕಾಣೆ. ಮಂಗಳಾರತಿಯ ಗಂಟೆ ಶುರುವಾದರೆ ಇಡೀ ಹಾಡೇ ಕಾಣೆ. ಪರಮೇಶಣ್ಣ ಬಂದು ಬಗ್ಗಿ, ಸ್ಪೀಕರಿಗೆ ಕಿವಿಯಿಟ್ಟು, ‘ಹಾಡ್ತೈತೆ, ಹಾಡ್ತೈತೆ’ ಎಂದು ಜನರಿಗೆ ಭರವಸೆ ಕೊಟ್ಟ. ಸಂಜೆಯ ಹೊತ್ತಿಗೆ ನನ್ನ ಹೆಗಲ ಮೇಲೆ ಕೈಯಿಟ್ಟು, ನನ್ನ ಮನಸ್ಸಿಗೆ ನೋವಾಗಬಾರದೆಂದು ದನಿ ತಗ್ಗಿಸಿ ಹೇಳಿದ: ‘ನಿಮ್ಮವು ಭಾಳ ಸೌಮ್ಯ ಅದಾವೆ ನಾಗರಾಜಣ್ಣ. ಮನಿಗೆ ಒಯ್ದುಬಿಡ್ರಿ. ಎಸ್.ಎಸ್. ಬಡಾವಣ್ಯಾಗ ನಮ್ಮ ಷಡ್ಡಕನ ಹತ್ರ ದೊಡ್ಡ ಬಾಕ್ಸ್ ಅದಾವೆ, ತರಸ್ತೀನಿ.’

ನಾನು ಕುಣಿದಾಡಬೇಕಿತ್ತು. ಇಷ್ಟೆಲ್ಲ ಸುಳ್ಳು ಹೇಳಿ, ತಂತಿ ಕತ್ತರಿಸಿ, ಬೋನಿಗೆ ಕೊಬ್ಬರಿ ಕಟ್ಟಿ ನಾನು ಬಯಸಿದ್ದು ಇದನ್ನೇ ಅಲ್ಲವೇ? ಆದರೆ ನನಗೆ ಬಂದದ್ದು ಸಿಟ್ಟು. ನನ್ನ ಸ್ಪೀಕರಿಗೆ ಏನು ಕಡಿಮೆಯಾಗಿದೆ? ತಬಲದವನ ಬೆರಳು ಕೇಳಿಸುವ ಸ್ಪೀಕರು! ಕೇಳುವ ಕಿವಿ ಇಲ್ಲದ ಓಣಿಗೆ ಯಾಕಾದರೂ ಕೊಟ್ಟೆನೋ ಎನಿಸಿತು. ಅವು ಮತ್ತೆ ಮಂಡಕ್ಕಿ ಗಾಡಿಯ ಮೇಲೆ ಹಿಂದಕ್ಕೆ ಬರುವುದನ್ನು, ಎಲ್ಲ ಬಾಗಿಲುಗಳಿಂದ ಜನ ಅದನ್ನು ನೋಡುವುದನ್ನು ನೆನೆದರೇ ಮುಖ ಬಿಸಿಯಾಯಿತು. ಕೊಡಲು ಮನಸ್ಸಿಲ್ಲದಿದ್ದವನು ಈಗ ಗೋಗರೆದೆ. ‘ಇರಲಿ ಬಿಡು ಪರಮೇಶಣ್ಣ. ಹಾಡದಿದ್ರೂ ಚಿಂತಿಲ್ಲ, ಗಣಪ್ಪನ ಬಾಜೂಕ ಸುಮ್ನೆ ನಿಂತಿರಲಿ. ಕಳೆ ಬರ್ತೈತೆ ಅಂದಿದ್ದು ನೀನೇ ಅಲ್ವಾ?’

ಹೀಗೆ ನನ್ನ ಸ್ಪೀಕರುಗಳು ತಲೆಯ ಮೇಲೆ ಹೂದಾನಿ ಹೊತ್ತು ಗಣಪತಿಯ ಎಡಬಲಕ್ಕೆ ಮೂಕವಾಗಿ ನಿಂತವು. ಷಡ್ಡಕನ ಕರಿ ಬಾಕ್ಸುಗಳು ಪರದೆಯ ಹಿಂದಿನಿಂದ ಓಣಿಯ ಕಿಟಕಿಗಳನ್ನೆಲ್ಲ ನಡುಗಿಸಿದವು. ದರ್ಶನಕ್ಕೆ ಬಂದವರಲ್ಲಿ ಪಕ್ಕದ ಓಣಿಯ ಹೆಂಗಸೊಬ್ಬರು ನನ್ನ ಸ್ಪೀಕರುಗಳ ಮುಂದೆ ನಿಂತು, ‘ಯಾರ್ವು ಇವು? ಏನ್ ದನಿ ರೀ! ಎದಿಯಾಗ ಕುಣದಂಗ ಆಗ್ತೈತೆ’ ಎಂದರು. ನಾನು ನೆಲದ ಮೇಲೆ ಬಿದ್ದಿದ್ದ ಸ್ಪೀಕರಿನ ಖಾಲಿ ವೈರನ್ನು ಕಾಲಿನಿಂದ ಜಮಖಾನೆಯ ಕೆಳಗೆ ತಳ್ಳಿ, ‘ನಮ್ಮವೇ ರೀ. ಹರಿಹರದಿಂದ ತಂದೀನಿ’ ಎಂದೆ. ‘ಬರೋ ಶನಿವಾರ ನಮ್ಮ ಓಣ್ಯಾಗ ಭಜನಿ ಐತೆ. ಒಂದಿನ ಕೊಡ್ತೀರಾ?’ ಎಂದರು. ನನ್ನ ನಾಲಿಗೆ ಎಲ್ಲೂ ತಡವರಿಸಲಿಲ್ಲ. ‘ಅದಕ್ಕೇನ್ರಿ, ಒಯ್ರಿ’ ಎಂದೆ.

ಮನೆಗೆ ಬಂದ ಮೇಲೆ ಸುಮಂಗಲ ಕೇಳಿದಳು: ‘ಅಲ್ರಿ, ಭಜನ್ಯಾಗ ತಾಳ ಬಾರಿಸೋ ಹೊತ್ತಿಗೆ ನಿಮ್ಮವು ಕೇಳಂಗಿಲ್ಲ. ಆಗ ಆ ಅವ್ವಾರು ಏನ್ ಅಂದ್ಕೋತಾರೆ?’ ನಾನು ಅದನ್ನು ಯೋಚಿಸಿರಲಿಲ್ಲ. ಮರ್ಯಾದೆ ಉಳಿಯಬೇಕಾದರೆ ಆ ಕರಿ ಬಾಕ್ಸುಗಳು ಅಲ್ಲಿಯೂ ಪರದೆಯ ಹಿಂದೆ ಇರಬೇಕು. ಹೀಗಾಗಿ, ಗಣಪತಿಯನ್ನು ನೀರಿಗೆ ಬಿಟ್ಟ ಮರುದಿನ, ಬದುಕಿನಲ್ಲಿ ಯಾರ ಮನೆಗೂ ಎರವಲು ಕೇಳಿಕೊಂಡು ಹೋಗದ ನಾನು, ಎಸ್.ಎಸ್. ಬಡಾವಣೆಯಲ್ಲಿ ಪರಮೇಶಣ್ಣನ ಷಡ್ಡಕನ ಬಾಗಿಲಲ್ಲಿ ನಿಂತಿದ್ದೆ. ಒಳಗಿನಿಂದ ಹಾಡು ಗುಡುಗುತ್ತಿತ್ತು. ಬಾಗಿಲ ಗಾಜು ಅದರ ತಾಳಕ್ಕೆ ಸರಿಯಾಗಿ ಗದಗದ ಎನ್ನುತ್ತಿತ್ತು. ನಾನು ಬಂದ ವಿಷಯ ಹೇಳುತ್ತಿದ್ದಂತೆ ಆತ ಹಿಂದಕ್ಕೆ ಕೈಮಾಡಿ ಹಾಡು ನಿಲ್ಲಿಸುವಂತೆ ಯಾರಿಗೋ ಸನ್ನೆ ಮಾಡಿ, ನನ್ನ ಕಡೆ ತಿರುಗಿ, ಮುಖ ಸಣ್ಣದು ಮಾಡಿಕೊಂಡು, ‘ಅಯ್ಯೋ, ಅವು ಕೆಟ್ಟೋಗ್ಯಾವಲ್ರಿ!’ ಎಂದ.

ಬೇರೆ ಯಾರಾದರೂ ಆಗಿದ್ದರೆ ಅರ್ಥ ಮಾಡಿಕೊಂಡು ಮರಳಿ ಬರುತ್ತಿದ್ದರು. ನನಗೂ ಅರ್ಥವಾಗಿತ್ತು, ನನ್ನಷ್ಟು ಅರ್ಥವಾದವರು ದಾವಣಗೆರೆಯಲ್ಲಿ ಇನ್ನೊಬ್ಬರು ಇರಲಾರರು. ಆದರೆ ಶನಿವಾರಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ನಾನು ಆತನ ಹೆಗಲ ಮೇಲೆ ಕೈಯಿಟ್ಟು, ‘ಪಾಪ, ನೀವೇನೂ ಚಿಂತಿ ಮಾಡಬ್ಯಾಡ್ರಿ. ನಮಗೆ ಗೊತ್ತಿರೋ ರಿಪೇರಿಯವನು ಒಬ್ಬ ಅದಾನೆ, ನಾಳೆ ಮುಂಜಾನೆ ಕರ್ಕೊಂಡೇ ಬರ್ತೀನಿ’ ಎಂದೆ.